ಮ್ಯಾಚಿಗೆ ಹತ್ತೊಂಬತ್ತು, ತಂತಿಗೆ ಎಷ್ಟು?

ಮ್ಯಾಚ್ ನೋಡಲು ತಿಂಗಳಿಗೆ ಎಷ್ಟು ಖರ್ಚು ಎಂದು ಯಲಹಂಕದ ಹಳೇ ಟೌನ್‌ನಲ್ಲಿ ಕೇಳಿದರೆ ಕೇಬಲ್‌ನವರು ಬಂದು ಒಯ್ಯುವ ಮೊತ್ತವನ್ನು ಹೇಳುತ್ತಾರೆ. ಅಟ್ಟೂರು ಲೇಔಟ್‌ನ ಬಾಡಿಗೆ ಮನೆಗಳಲ್ಲೋ ಕಟ್ಟಿಗೇನಹಳ್ಳಿಯ ಪಿ.ಜಿ.ಗಳಲ್ಲೋ ಕೇಳಿದರೆ ಹಾಟ್‌ಸ್ಟಾರ್ ರೀಚಾರ್ಜಿನ ಮೊತ್ತ ಬರುತ್ತದೆ. ಎರಡೂ ಸರಿಯಾದ ಲೆಕ್ಕವಲ್ಲ. ಹಳೇ ಟೌನ್‌ನವರು ಧಾರಾವಾಹಿಯ ದುಡ್ಡನ್ನೂ ಮ್ಯಾಚಿನ ಖಾತೆಗೇ ಬರೆದಿದ್ದಾರೆ. ಪಿ.ಜಿ. ಹುಡುಗರು ಮ್ಯಾಚು ರೂಮಿನ ತನಕ ಬರುವ ದಾರಿಯ ಸುಂಕವನ್ನು ಬರೆಯುವುದನ್ನೇ ಬಿಟ್ಟಿದ್ದಾರೆ.

ಕೇಬಲ್ ಬಿಲ್ಲಿನಿಂದಲೇ ಶುರು ಮಾಡೋಣ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2017ರಲ್ಲಿ ರೂಪಿಸಿ 2019ರ ಫೆಬ್ರುವರಿ ಹೊತ್ತಿಗೆ ನಮ್ಮ ಮನೆಗಳಿಗೆ ಮುಟ್ಟಿಸಿದ ದರ ನಿಯಮ ಈ ಬಿಲ್ಲನ್ನು ಎರಡು ತುಂಡು ಮಾಡಿತು. ಒಂದು ತುಂಡು ತಂತಿಯ ಬಾಡಿಗೆ. ಅದಕ್ಕೆ ನೆಟ್‌ವರ್ಕ್ ಕೆಪ್ಯಾಸಿಟಿ ಫೀ ಎಂದು ಹೆಸರು. ಆಗ 100 ಚಾನೆಲ್‌ಗೆ 130 ರೂಪಾಯಿ ಮಿತಿ ಇತ್ತು, ಶೇ 18 ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. 2020ರ ತಿದ್ದುಪಡಿಯಲ್ಲಿ ಅದೇ 130 ರೂಪಾಯಿಗೆ 200 ಚಾನೆಲ್ ಕೊಡಬೇಕು ಎಂದಾಯಿತು. ಅದೇ ಮನೆಯಲ್ಲಿ ಎರಡನೇ ಟಿ.ವಿ. ಇದ್ದರೆ ಅದಕ್ಕೆ ಈ ಬಾಡಿಗೆಯ ಶೇ 40ಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದೂ ಆಯಿತು. 2024ರ ಜುಲೈನಲ್ಲಿ ಟ್ರಾಯ್ ಈ ಮಿತಿಯನ್ನೇ ತೆಗೆದುಹಾಕಿ, ದರವನ್ನು ಕೇಬಲ್ ಮತ್ತು ಡಿಟಿಎಚ್‌ನವರ ವಿವೇಚನೆಗೆ ಬಿಟ್ಟಿತು. ಬಿಲ್ಲಿನ ಇನ್ನೊಂದು ತುಂಡು ನಾವು ಆರಿಸಿಕೊಳ್ಳುವ ಪೇ ಚಾನೆಲ್‌ಗಳ ಬೆಲೆ.

ಇಲ್ಲಿ 19 ಎಂಬ ಅಂಕಿಗೆ ವಿಶೇಷ ಮಹತ್ವವಿದೆ. 19 ರೂಪಾಯಿಗಿಂತ ಹೆಚ್ಚು ಬೆಲೆ ಇಟ್ಟ ಚಾನೆಲ್ಲನ್ನು ಪ್ಯಾಕ್ ಒಳಗೆ ಸೇರಿಸುವಂತಿಲ್ಲ. ನಡುವೆ ಇದನ್ನು 12ಕ್ಕೆ ಇಳಿಸುವ ಪ್ರಯತ್ನ ನಡೆಯಿತು, ಪ್ರಸಾರಕರು ಕೋರ್ಟಿಗೆ ಹೋದರು, 2022ರ ನವೆಂಬರ್‌ನಲ್ಲಿ ಮತ್ತೆ 19ಕ್ಕೇ ಬಂದು ನಿಂತಿತು. ಪ್ಯಾಕ್‌ನಿಂದ ಹೊರಗುಳಿದರೆ ನೋಡುವವರು ತೀರಾ ಕಡಿಮೆಯಾಗುತ್ತಾರೆ, ಜಾಹೀರಾತು ದರ ಬೀಳುತ್ತದೆ. ಹಾಗಾಗಿ ಮುಖ್ಯ ಕ್ರೀಡಾ ಚಾನೆಲ್‌ಗಳು ಆ ಗೆರೆಯನ್ನು ದಾಟುವ ಗೋಜಿಗೆ ಹೋಗಲಿಲ್ಲ. 2019ರಲ್ಲಿ ಸ್ಟಾರ್ ಸ್ಪೋರ್ಟ್ಸ್ 1ರ ಬೆಲೆ ಸರಿಯಾಗಿ 19 ರೂಪಾಯಿ ಇತ್ತು. 2018ರ ಕೊನೆಯಲ್ಲಿ ಕನ್ನಡದ ಕ್ರೀಡಾ ಚಾನೆಲ್ಲೂ ಬಂದದ್ದರಿಂದ ನಮ್ಮ ಕಡೆಯ ಮನೆಗಳಿಗೆ ಇಂಥ ಒಂದು ಚಾನೆಲ್ ಇದ್ದರೆ ಐಪಿಎಲ್‌ಗೆ ಸಾಕು. ತೆರಿಗೆ ಸೇರಿ 22 ರೂಪಾಯಿ 42 ಪೈಸೆ. ದರ್ಶಿನಿಯಲ್ಲಿ ನಿಂತು ಕುಡಿಯುವ ಒಂದು ಕಾಫಿಯ ಆಸುಪಾಸು.

ಹಾಗಿದ್ದರೆ ಬಿಲ್ಲು ಮುನ್ನೂರು ದಾಟುವುದು ಹೇಗೆ? ಕನ್ನಡದ ಮನರಂಜನಾ ಚಾನೆಲ್‌ಗಳು, ಸಿನಿಮಾ ಚಾನೆಲ್‌ಗಳು, ಮಕ್ಕಳ ಕಾರ್ಟೂನು, ಜೊತೆಗೆ ಯಾರೂ ನೋಡದೇ ಇರುವ ಹತ್ತಾರು ಚಾನೆಲ್ ಪ್ಯಾಕ್ ಹೆಸರಿನಲ್ಲಿ ಬಂದು ಕೂತಿರುತ್ತವೆ. ಬಿಡಿಯಾಗಿ ಕೊಳ್ಳುವುದಕ್ಕಿಂತ ಪ್ಯಾಕ್‌ನಲ್ಲಿ ಶೇ 45ರವರೆಗೆ ರಿಯಾಯಿತಿ ಕೊಡಲು ಪ್ರಸಾರಕರಿಗೆ ಅವಕಾಶವಿದೆ. ಅದಕ್ಕೇ ಪ್ಯಾಕ್ ಅಗ್ಗ ಅನಿಸುತ್ತದೆ. ಬಿಡಿಬಿಡಿಯಾಗಿ ಚಾನೆಲ್ ಆರಿಸಿಕೊಳ್ಳುವ ಹಕ್ಕು ನಿಯಮದಲ್ಲಿ ಗ್ರಾಹಕರಿಗಿದೆ. ಆದರೆ ಅದನ್ನು ಬಳಸುವವರು ನಮ್ಮ ಬಡಾವಣೆಗಳಲ್ಲಿ ಕಾಣಸಿಗುವುದು ಅಪರೂಪ. ಕೇಬಲ್ ಹುಡುಗ ‘ಫ್ಯಾಮಿಲಿ ಪ್ಯಾಕ್ ಹಾಕ್ತೀನಿ ಅಂಕಲ್, ಎಲ್ಲಾ ಬರುತ್ತೆ’ ಅನ್ನುತ್ತಾನೆ, ಅಂಕಲ್ ಹೂಂ ಅನ್ನುತ್ತಾರೆ. ಅಲ್ಲಿಗೆ ಆಯ್ಕೆ ಮುಗಿಯಿತು.

ಕೇಬಲ್ ಮನೆಯವರಿಗೆ ಇನ್ನೊಂದು ವಿಚಿತ್ರ ನಷ್ಟವಿದೆ. ಈ ಲೇಖನದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾದ ಜಾಗ ಅದೇ.

ಅದರ ಬೇರು ಹಳೆಯದು. 1993ರ ಹೀರೋ ಕಪ್ ಸಂದರ್ಭದಲ್ಲಿ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ದೂರದರ್ಶನಕ್ಕೂ ಪ್ರಸಾರದ ಬಗ್ಗೆ ಜಗಳವಾಯಿತು. ಅದು ಸುಪ್ರೀಂ ಕೋರ್ಟ್ ತನಕ ಹೋಗಿ, 1995ರ ಫೆಬ್ರುವರಿಯಲ್ಲಿ ಹೆಸರುವಾಸಿ ತೀರ್ಪು ಬಂತು: ವಾಯುತರಂಗಗಳು ಸಾರ್ವಜನಿಕ ಸ್ವತ್ತು, ಅದರ ಮೇಲೆ ಸರ್ಕಾರಕ್ಕೂ ಏಕಸ್ವಾಮ್ಯವಿಲ್ಲ. ಖಾಸಗಿ ಪ್ರಸಾರಕ್ಕೆ ಬಾಗಿಲು ತೆರೆಯಿತು, ಕ್ರಿಕೆಟ್ ಪೇ ಚಾನೆಲ್‌ಗಳ ಪಾಲಾಯಿತು. ಆಮೇಲೆ ಕೇಬಲ್ ಇಲ್ಲದ ಕೋಟ್ಯಂತರ ಜನರ ಗತಿ ಏನು ಎಂಬ ಪ್ರಶ್ನೆ ಎದ್ದಿತು. 2007ರಲ್ಲಿ ಸಂಸತ್ತು ಒಂದು ಕಾನೂನು ಮಾಡಿತು. ರಾಷ್ಟ್ರೀಯ ಮಹತ್ವದ್ದು ಎಂದು ಸರ್ಕಾರ ಪಟ್ಟಿ ಮಾಡಿದ ಪಂದ್ಯಗಳ ಸಿಗ್ನಲ್ಲನ್ನು, ಹಕ್ಕು ಯಾರ ಬಳಿಯೇ ಇರಲಿ, ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಲೇಬೇಕು. ಭಾರತದ ಪುರುಷರ ತಂಡ ಆಡುವ ಏಕದಿನ ಮತ್ತು ಟಿ20 ಪಂದ್ಯಗಳು ಈ ಪಟ್ಟಿಯಲ್ಲಿವೆ. ಐಪಿಎಲ್ ಇಲ್ಲ.

ಇಲ್ಲಿಗೆ ಎಲ್ಲವೂ ಸರಿ. ಆದರೆ ದೂರದರ್ಶನದ ಚಾನೆಲ್‌ಗಳನ್ನು ಕೇಬಲ್‌ನವರು ಕಡ್ಡಾಯವಾಗಿ ಕೊಡಬೇಕೆಂಬ ನಿಯಮವೂ ಇದೆಯಲ್ಲ? ಹಾಗಾದರೆ ಕೇಬಲ್ ಮನೆಗೂ ಆ ಪಂದ್ಯ ಪುಕ್ಕಟೆ ಬರಬೇಕಿತ್ತು. ದುಡ್ಡು ಕೊಟ್ಟು ಹಕ್ಕು ಕೊಂಡ ಪ್ರಸಾರಕರು ಇದನ್ನು ಪ್ರಶ್ನಿಸಿದರು. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಹಂಚಿಕೊಂಡ ಸಿಗ್ನಲ್ಲು ದೂರದರ್ಶನದ ಸ್ವಂತ ಟ್ರಾನ್ಸ್‌ಮಿಟರ್‌ಗಳಿಗೆ ಮತ್ತು ಅದರ ಉಚಿತ ಡಿಟಿಎಚ್ ಆದ ಫ್ರೀ ಡಿಶ್‌ಗೆ ಮಾತ್ರ, ಖಾಸಗಿ ಕೇಬಲ್ ಮತ್ತು ಡಿಟಿಎಚ್‌ಗೆ ಅಲ್ಲ ಎಂದಿತು.

ಪರಿಣಾಮ ಏನಾಯಿತು ಎಂಬುದನ್ನು ನೋಡಲು ದೂರ ಹೋಗಬೇಕಿಲ್ಲ. ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರದ ಕಡೆ ಹೊರಟರೆ ಹಳ್ಳಿಗಳ ಮಾಳಿಗೆಯ ಮೇಲೆ ಸಣ್ಣ ಛತ್ರಿಗಳು ಕಾಣುತ್ತವೆ. ಫ್ರೀ ಡಿಶ್‌ಗೆ ಬಾಕ್ಸು, ಛತ್ರಿ ಸೇರಿ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ಭಾರತ-ಆಸ್ಟ್ರೇಲಿಯಾ ಏಕದಿನ ಪಂದ್ಯ ಅಲ್ಲಿ ಪುಕ್ಕಟೆ. ಅದೇ ಹೊತ್ತಿನಲ್ಲಿ ಯಲಹಂಕ ನ್ಯೂ ಟೌನ್‌ನಲ್ಲಿ ತಿಂಗಳಿಗೆ ಮುನ್ನೂರೈವತ್ತು ಕಟ್ಟುವ ಮನೆಯವರು ದೂರದರ್ಶನದ ಚಾನೆಲ್ ಹಾಕಿದರೆ ಪರದೆಯಲ್ಲಿ ಬೇರೇನೋ ಕಾರ್ಯಕ್ರಮ ಓಡುತ್ತಿರುತ್ತದೆ. ಕಾನೂನಿನ ತರ್ಕ ಅರ್ಥವಾಗುತ್ತದೆ. ಉಳ್ಳವರು ಕೊಡಲಿ, ಇಲ್ಲದವರು ನೋಡಲಿ ಎಂಬುದು ಅದರ ಹಿಂದಿನ ಮಾತು. ಆದರೆ ಕೇಬಲ್ ಇದ್ದವರೆಲ್ಲ ಉಳ್ಳವರೇ? ನಮ್ಮಲ್ಲಿ ಕೇಬಲ್ ಹಾಕಿಸಿಕೊಂಡಿರುವವರು ಬಹಳ ಮಂದಿ ಬಾಡಿಗೆದಾರರು. ತಾರಸಿಯಲ್ಲಿ ಛತ್ರಿ ಇಡಲು ಮನೆ ಓನರ್ ಒಪ್ಪುವುದಿಲ್ಲ, ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್ ಒಪ್ಪುವುದಿಲ್ಲ. ಅಷ್ಟೇ ಕಾರಣ. ಅಭಿಮಾನಿ ಬರೀ ಭಾರತ ತಂಡದವರಾದರೆ, ತಾರಸಿ ಸ್ವಂತದ್ದಾದರೆ, ಫ್ರೀ ಡಿಶ್‌ಗಿಂತ ಅಗ್ಗದ್ದು ಯಾವುದೂ ಇಲ್ಲ. ಆರ್‌ಸಿಬಿಯವರಾದರೆ ಮಾತ್ರ ಮುಂದೆ ಓದಬೇಕು.

ಈಗ ಮೊಬೈಲಿನ ಕಡೆ ಬರೋಣ. ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರ ಹಕ್ಕು 2022ರ ಜೂನ್‌ನಲ್ಲಿ ಹರಾಜಾದಾಗ ಒಟ್ಟು 48,390 ಕೋಟಿ ರೂಪಾಯಿ ಬಂತು. ಐದು ವರ್ಷಕ್ಕೆ 410 ಪಂದ್ಯ ಎಂದು ಹಿಡಿದರೆ ಪಂದ್ಯವೊಂದಕ್ಕೆ ಸುಮಾರು 118 ಕೋಟಿ. ಭಾರತದ ಟಿ.ವಿ. ಹಕ್ಕನ್ನು 23,575 ಕೋಟಿಗೆ ಡಿಸ್ನಿ ಸ್ಟಾರ್ ಕೊಂಡಿತು. ಮೊಬೈಲು-ಇಂಟರ್ನೆಟ್ಟಿನ ಹಕ್ಕು ರಿಲಯನ್ಸ್ ಬಳಗದ ವಯಾಕಾಂ18ಕ್ಕೆ ಹೋಯಿತು. ಒಂದೇ ಆಟಕ್ಕೆ ಇಬ್ಬರು ಯಜಮಾನರು. ಅವರ ಪೈಪೋಟಿಯಲ್ಲಿ ನಮಗೆ ಎರಡು ವರ್ಷ ಹಬ್ಬ. 2023ರಲ್ಲಿ ವಯಾಕಾಂ18ರ ಆ್ಯಪ್ ಜಿಯೋ ಸಿನಿಮಾ ಇಡೀ ಐಪಿಎಲ್ಲನ್ನು ಪುಕ್ಕಟೆ ತೋರಿಸಿತು, ಕನ್ನಡ ಕಾಮೆಂಟರಿ ಸಮೇತ. ಆ ಏಟಿಗೆ ಡಿಸ್ನಿ ಸ್ಟಾರ್‌ನ ಆ್ಯಪ್ ಹಾಟ್‌ಸ್ಟಾರ್ ಅದೇ ವರ್ಷ ಏಷ್ಯಾ ಕಪ್ಪನ್ನೂ ವಿಶ್ವಕಪ್ಪನ್ನೂ ಮೊಬೈಲಿನಲ್ಲಿ ಉಚಿತ ಮಾಡಿತು. ನವೆಂಬರ್ 19ರ ಅಹಮದಾಬಾದ್ ಫೈನಲ್ಲನ್ನು ಒಂದು ಘಳಿಗೆಯಲ್ಲಿ ಏಕಕಾಲಕ್ಕೆ 5.9 ಕೋಟಿ ಪರದೆಗಳು ನೋಡುತ್ತಿದ್ದವು. ಪುಕ್ಕಟೆ ಕ್ರಿಕೆಟ್ ಶಾಶ್ವತ ಎಂದು ಬಹಳ ಮಂದಿ ನಂಬಿದ್ದು, ಮನೆಯ ಕೇಬಲ್ ಕಿತ್ತುಹಾಕಿದ್ದು ಆಗಲೇ. ಡಿಟಿಎಚ್‌ನ ಲೆಕ್ಕ ಇದನ್ನೇ ಹೇಳುತ್ತದೆ: 2021ರ ಸುಮಾರಿಗೆ ದೇಶದಲ್ಲಿ 7 ಕೋಟಿಯ ಹತ್ತಿರ ಇದ್ದ ಚಂದಾದಾರರು 2025ಕ್ಕೆ 6 ಕೋಟಿಗಿಂತ ಕೆಳಗಿಳಿದಿದ್ದಾರೆ.

2024ರ ನವೆಂಬರ್ 14ರಂದು ರಿಲಯನ್ಸ್ ಮತ್ತು ಡಿಸ್ನಿಯ ಭಾರತದ ವ್ಯವಹಾರಗಳು ಒಂದಾದವು. ಸರಿಯಾಗಿ ಮೂರು ತಿಂಗಳಿಗೆ, 2025ರ ಫೆಬ್ರುವರಿ 14ರಂದು ಎರಡು ಆ್ಯಪ್‌ಗಳು ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಆರಂಭದ ದರ ಹೀಗಿತ್ತು: ಒಂದು ಮೊಬೈಲಿಗೆ ಮಾತ್ರ ಮೂರು ತಿಂಗಳಿಗೆ 149, ವರ್ಷಕ್ಕೆ 499, ಟಿ.ವಿ.ಯಲ್ಲೂ ನೋಡಬಹುದಾದ, ಎರಡು ಪರದೆಯ ‘ಸೂಪರ್’ ಮೂರು ತಿಂಗಳಿಗೆ 299, ವರ್ಷಕ್ಕೆ 899. ನಾಲ್ಕು ಪರದೆಯ ‘ಪ್ರೀಮಿಯಂ’ ವರ್ಷಕ್ಕೆ 1,499. ಪುಕ್ಕಟೆ ಐಪಿಎಲ್ ಮುಗಿಯಿತು. ಕೇಬಲ್ಲಿನಲ್ಲಿ ಬರುವ ಸ್ಟಾರ್ ಸ್ಪೋರ್ಟ್ಸೂ ಮೊಬೈಲಿನ ಹಾಟ್‌ಸ್ಟಾರೂ ಈಗ ಒಂದೇ ಮನೆಯವು. ಕೇಬಲ್ಲೋ ಸ್ಟ್ರೀಮಿಂಗೋ ಎಂದು ನಾವು ಗಂಟೆಗಟ್ಟಲೆ ವಾದ ಮಾಡುತ್ತೇವೆ. ಯಾವುದನ್ನು ಆರಿಸಿದರೂ ಐಪಿಎಲ್‌ನ ದುಡ್ಡು ಹೋಗಿ ಬೀಳುವ ಹುಂಡಿ ಒಂದೇ.

ಮನೆಯ ಲೆಕ್ಕಕ್ಕೆ ಇಳಿಯೋಣ. ಹಳೆಯ 130 ರೂಪಾಯಿ ಬಾಡಿಗೆಯನ್ನೂ 2019ರ ಚಾನೆಲ್ ಬೆಲೆಯನ್ನೂ ಆ್ಯಪ್‌ನ 2025ರ ಆರಂಭದ ದರವನ್ನೂ ಆಧಾರ ಇಟ್ಟುಕೊಂಡು, ಬರೀ ಆಟಕ್ಕಾಗಿ ಒಬ್ಬರು ಕೇಬಲ್ ಹಾಕಿಸಿಕೊಂಡರು ಅನ್ನಿ. ಒಂದೇ ಕ್ರೀಡಾ ಚಾನೆಲ್. ತಿಂಗಳಿಗೆ 175 ರೂಪಾಯಿ 82 ಪೈಸೆ, ವರ್ಷಕ್ಕೆ ಸುಮಾರು 2,110. ಇದರಲ್ಲಿ ಆಟದ ಪಾಲು 269 ರೂಪಾಯಿ ಮಾತ್ರ, ಉಳಿದ 1,841 ತಂತಿಗೆ. ಇನ್ನೊಬ್ಬರು ಬರೀ ಆಟಕ್ಕಾಗಿ ವೈಫೈ ಹಾಕಿಸಿಕೊಂಡರು. ಕಡಿಮೆ ದರದ ಫೈಬರ್ ಯೋಜನೆಗಳಲ್ಲಿ ಜಿಯೋದ 399 ರೂಪಾಯಿಯದನ್ನು ತೆಗೆದುಕೊಂಡರೆ ತೆರಿಗೆ ಸೇರಿ ತಿಂಗಳಿಗೆ 471, ವರ್ಷಕ್ಕೆ 5,650. ಅದರ ಮೇಲೆ ಆ್ಯಪ್‌ಗೆ 899. ಒಟ್ಟು 6,549. ಹೀಗೆ ನೋಡಿದರೆ ಸ್ಟ್ರೀಮಿಂಗ್ ಮೂರು ಪಟ್ಟು ದುಬಾರಿ.

ಆದರೆ ಬರೀ ಆಟಕ್ಕಾಗಿ ವೈಫೈ ಹಾಕಿಸಿಕೊಳ್ಳುವವರು ಯಾರು? ಮಗಳ ಆನ್‌ಲೈನ್ ಕ್ಲಾಸು, ಮಗನ ವರ್ಕ್ ಫ್ರಂ ಹೋಂ, ಅಜ್ಜಿಯ ಯೂಟ್ಯೂಬ್ ಭಜನೆ ಎಂದು ಕೊರೊನಾ ಕಾಲದಲ್ಲೇ ಫೈಬರ್ ಮನೆಯೊಳಗೆ ಬಂದಾಗಿದೆ. ಆ ದುಡ್ಡು ಹೇಗೂ ಹೋಗುತ್ತಿದೆ. ಅಂಥ ಮನೆಗೆ ಆಟದ ಹೆಚ್ಚುವರಿ ಖರ್ಚು ವರ್ಷಕ್ಕೆ 899, ಐಪಿಎಲ್ ಒಂದೇ ಸಾಕೆಂದರೆ 299. ಅವರು ಆಟಕ್ಕೆಂದೇ ಕೇಬಲ್ ಇಟ್ಟುಕೊಂಡಿದ್ದರೆ ನಷ್ಟ. ಅತ್ತ ಧಾರಾವಾಹಿಗಾಗಿ ಕೇಬಲ್ ಹೇಗೂ ಇದ್ದೇ ಇರುವ ಮನೆಗೆ ಆಟದ ಹೆಚ್ಚುವರಿ ಖರ್ಚು ವರ್ಷಕ್ಕೆ 269, ಐಪಿಎಲ್‌ನ ಮೂರು ತಿಂಗಳಿಗೆ 67 ರೂಪಾಯಿ. ಇವರು ದೊಡ್ಡ ಟಿ.ವಿ.ಯಲ್ಲಿ ಮ್ಯಾಚ್ ಹಾಕಲು ಆ್ಯಪ್ ಕೊಂಡರೆ ಅದೂ ನಷ್ಟವೇ. ಯಲಹಂಕದ ಮಧ್ಯಮ ವರ್ಗದ ಮನೆಗಳಲ್ಲಿ ಈಗ ಎರಡೂ ತಂತಿಗಳಿವೆ. ಎರಡೂ ಇದ್ದ ಮನೆಯಲ್ಲಿ ಗೆಲ್ಲುವುದು ಕೇಬಲ್ಲೇ, ಅದೂ 67ಕ್ಕೆ 299ರ ಅಂತರದಲ್ಲಿ. ಹಳೇ ಕಾಲದ್ದು ಎಂದು ಕೇಬಲ್ಲನ್ನು ಮೂಗು ಮುರಿದು ನೋಡುವವರಿಗೆ ಈ ಲೆಕ್ಕ ರುಚಿಸಲಿಕ್ಕಿಲ್ಲ.

ಪಿ.ಜಿ. ಹುಡುಗರದ್ದು ಬೇರೆಯೇ ಕಥೆ. ಮೊಬೈಲ್ ಆ್ಯಪ್ ಅಗ್ಗ, ಡೇಟಾ ಅಗ್ಗವಲ್ಲ. 2024ರ ಜುಲೈನಲ್ಲಿ ಮೊಬೈಲ್ ಕಂಪನಿಗಳು ದರ ಏರಿಸಿದಾಗ ಜಿಯೋದಲ್ಲಿ ದಿನಕ್ಕೆ ಒಂದೂವರೆ ಜಿಬಿಯ 28 ದಿನದ ಯೋಜನೆ 239ರಿಂದ 299ಕ್ಕೆ ಹೋಯಿತು. ಅನ್‌ಲಿಮಿಟೆಡ್ 5ಜಿ ಬೇಕಾದರೆ ದಿನಕ್ಕೆ 2 ಜಿಬಿಯ ಯೋಜನೆಗೇ ಹೋಗಬೇಕು ಎಂದಾಯಿತು, ಅದಕ್ಕೆ 349. ಟಿ20 ಪಂದ್ಯ ಮೂರೂವರೆ-ನಾಲ್ಕು ಗಂಟೆಯದು. ಚಿತ್ರ ಸ್ಪಷ್ಟವಾಗಿರಬೇಕೆಂದರೆ ಒಂದೂವರೆ ಜಿಬಿ ಮೊದಲ ಇನಿಂಗ್ಸ್ ಮುಗಿಯುವ ಹೊತ್ತಿಗೇ ಖಾಲಿಯಾಗಿ, ಗುರಿ ಬೆನ್ನಟ್ಟುವುದನ್ನು ಪಕ್ಕದ ರೂಮಿನವನ ಹಾಟ್‌ಸ್ಪಾಟಿನಲ್ಲಿ ನೋಡಬೇಕಾಗುತ್ತದೆ. ರೀಚಾರ್ಜಿನ ಜೊತೆಗೇ ಆ್ಯಪ್ ಸಿಗುವ ಕೊಡುಗೆಗಳು ಐಪಿಎಲ್ ಹೊತ್ತಿಗೆ ಬರುತ್ತವೆ. 2025ರ ಮಾರ್ಚ್‌ನಲ್ಲಿ 299 ಮತ್ತು ಅದಕ್ಕಿಂತ ಮೇಲಿನ ರೀಚಾರ್ಜ್‌ಗೆ ಜಿಯೋ 90 ದಿನದ ಹಾಟ್‌ಸ್ಟಾರ್ ಕೊಟ್ಟಿತ್ತು. ಪ್ರತ್ಯೇಕವಾಗಿ ಆ್ಯಪ್ ಕೊಳ್ಳುವ ಮೊದಲು ತಮ್ಮ ರೀಚಾರ್ಜಿನಲ್ಲೇ ಅದು ಅಡಗಿದೆಯೇ ಎಂದು ನೋಡುವವರು ಕಡಿಮೆ.

ಎರಡು ತಂತಿಗಳ ಬೆಲೆ ಹೀಗೆ ಬೇರೆಬೇರೆ ಆಗಲು ತಾಂತ್ರಿಕ ಕಾರಣವೂ ಇದೆ. ಕೇಬಲ್ಲಿನಲ್ಲಿ ಒಂದೇ ಸಿಗ್ನಲ್ಲು ಬೀದಿಯ ಎಲ್ಲ ಮನೆಗೂ ಹರಿಯುತ್ತದೆ. ಹೊಸದಾಗಿ ಒಬ್ಬರು ಟಿ.ವಿ. ಹಾಕಿದರೆ ಕೇಬಲ್‌ನವರಿಗೆ ನಯಾಪೈಸೆ ಖರ್ಚಿಲ್ಲ. ಸ್ಟ್ರೀಮಿಂಗಿನಲ್ಲಿ ಪ್ರತಿಯೊಂದು ಪರದೆಗೂ ಪ್ರತ್ಯೇಕ ಧಾರೆ ಹೋಗಬೇಕು. ಕೋಟಿ ಜನ ನೋಡಿದರೆ ಕೋಟಿ ಧಾರೆ. ಹಾಗಾಗಿಯೇ ಆ್ಯಪ್‌ನವರು ಪರದೆಗಳನ್ನು ಎಣಿಸುತ್ತಾರೆ. ವಿಡಿಯೋವನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಕಳಿಸುವುದು, ಮೊಬೈಲು ಒಂದೆರಡು ತುಣುಕು ಕೂಡಿಟ್ಟುಕೊಂಡು ಆಮೇಲೆ ತೋರಿಸುವುದು ಇಲ್ಲಿನ ಪದ್ಧತಿ. ಅದರಿಂದ ಆಟ ತಡವಾಗಿ ಮುಟ್ಟುತ್ತದೆ, ಅರ್ಧ ನಿಮಿಷದವರೆಗೂ ಹಿಂದೆ ಬೀಳುವುದುಂಟು. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಪಂಜಾಬನ್ನು ಆರು ರನ್ನಿನಿಂದ ಸೋಲಿಸಿ ಮೊದಲ ಬಾರಿಗೆ ಕಪ್ ಗೆದ್ದಾಗ, ಒಂದೇ ಬೀದಿಯಲ್ಲಿ ಪಟಾಕಿ ಎರಡು ಕಂತಿನಲ್ಲಿ ಸಿಡಿದದ್ದಕ್ಕೆ ಕಾರಣ ಇದೇ. ಕೇಬಲ್ ಮನೆಗಳದ್ದು ಮೊದಲು. ಹಾಟ್‌ಸ್ಟಾರ್ ನೋಡುವವರಿಗೆ ಪಕ್ಕದ ಮನೆಯ ಕಿರುಚಾಟದಿಂದಲೇ ವಿಕೆಟ್ಟು ಬಿದ್ದದ್ದು ಗೊತ್ತಾಗಿಬಿಡುತ್ತದೆ. ಇದಕ್ಕೆ ರೂಪಾಯಿಯಲ್ಲಿ ಬೆಲೆ ಕಟ್ಟಲಾಗದು, ಆದರೆ ಕೊನೆಯ ಓವರಿನಲ್ಲಿ ಇದಕ್ಕಿಂತ ದೊಡ್ಡ ನಷ್ಟ ಇಲ್ಲ.

ಮಳೆಯ ಮಾತೂ ಬರಬೇಕು. ಐಪಿಎಲ್ ನಡೆಯುವುದು ಬೆಂಗಳೂರಿನ ಏಪ್ರಿಲ್-ಮೇ ಸಂಜೆಮಳೆಯ ಕಾಲದಲ್ಲಿ. ಡಿಟಿಎಚ್ ಛತ್ರಿಗೆ ಜೋರು ಮಳೆ ಬಂದರೆ ಸಿಗ್ನಲ್ ಹೋಗುತ್ತದೆ. ಕೇಬಲ್ಲೂ ಫೈಬರ್ರೂ ಬೆಸ್ಕಾಂ ಕಂಬ, ರಸ್ತೆಬದಿಯ ಮರಗಳ ಮೇಲೆ ಒಟ್ಟಿಗೇ ಜೋತಾಡುತ್ತಿರುತ್ತವೆ. ಕೊಂಬೆ ಮುರಿದರೆ ಎರಡೂ ಒಟ್ಟಿಗೇ ಸಾಯುತ್ತವೆ. ಎಷ್ಟೋ ಕಡೆ ವೈಫೈ ಕೊಡುವವರೂ ಹಳೆಯ ಕೇಬಲ್‌ನವರೇ. ಮಳೆ ಗೆದ್ದರೆ ಯಾವ ತಂತಿಯೂ ಉಪಯೋಗಕ್ಕೆ ಬರುವುದಿಲ್ಲ ಎನ್ನಿ: 2025ರ ಮೇ 17ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ-ಕೋಲ್ಕತ್ತ ಪಂದ್ಯ ಟಾಸ್ ಕೂಡ ಇಲ್ಲದೆ ರದ್ದಾಯಿತು.

ಕ್ರಿಕೆಟ್ ಆಚೆಗಿನ ಆಟಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಫಾರ್ಮುಲಾ ಒನ್ 2024ರಿಂದ ಫ್ಯಾನ್‌ಕೋಡ್ ಆ್ಯಪ್‌ನಲ್ಲಿದೆ, ಅದಕ್ಕೆ ಕೇಬಲ್ ಪ್ಯಾಕ್ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ. ಯುರೋಪಿನ ಚಾಂಪಿಯನ್ಸ್ ಲೀಗ್ ಸೋನಿಯಲ್ಲಿ, ಇಂಗ್ಲಿಷ್ ಪ್ರೀಮಿಯರ್ ಲೀಗ್ ಸ್ಟಾರ್ ಮತ್ತು ಹಾಟ್‌ಸ್ಟಾರ್‌ನಲ್ಲಿ. 2025ರ ಏಷ್ಯಾ ಕಪ್ ಸೋನಿಯಲ್ಲಿ ಬಂತು. ಎಲ್ಲ ಆಟಕ್ಕೂ ಆ್ಯಪ್ ಕೊಳ್ಳಲು ಹೊರಟರೆ ಮೂರು ಚಂದಾ ಆಗುತ್ತದೆ, ಆಗ ಅಗ್ಗದ ಮಾತು ಬಿಡಬೇಕು. ಕಬಡ್ಡಿಗೆ ಬುಲ್ಸ್, ಕ್ರಿಕೆಟ್‌ಗೆ ಆರ್‌ಸಿಬಿ ಎನ್ನುವ ಮನೆಗೆ ಆ ತಾಪತ್ರಯವಿಲ್ಲ, ಎರಡೂ ಸ್ಟಾರ್ ಬಳಗದಲ್ಲೇ ಇವೆ.

ಹಾಗಾಗಿ ಕೇಬಲ್‌ನವರು ಮುಂದಿನ ಸಲ ಬಂದಾಗ ಚಾನೆಲ್ ಪಟ್ಟಿ, ಬಿಡಿ ಬೆಲೆ ಎರಡನ್ನೂ ಕೇಳಿ. ಮನೆಯಲ್ಲಿ ಧಾರಾವಾಹಿ ನೋಡುವವರಿದ್ದರೆ ಕ್ರೀಡಾ ಚಾನೆಲ್ಲನ್ನು ಮಾರ್ಚ್ ಕೊನೆಗೆ ಸೇರಿಸಿ, ಜೂನ್‌ನಲ್ಲಿ ತೆಗೆಸಿ. ಟಿ.ವಿ.ಯನ್ನು ವೈಫೈಗೇ ಜೋಡಿಸಿಕೊಂಡವರು ಮೂರು ತಿಂಗಳ ಚಂದಾ ಕಟ್ಟಿ, ಆ ದಿನವೇ ಆಟೊಪೇ ರದ್ದು ಮಾಡಿ. ಇಡೀ ವರ್ಷದ ಚಂದಾ ಕಟ್ಟುವವರು ಒಂದನ್ನು ಮನಸ್ಸಿನಲ್ಲಿಡಿ: ಈಗಿನ ಐಪಿಎಲ್ ಹಕ್ಕು 2027ರ ಋತುವಿಗೆ ಮುಗಿಯುತ್ತದೆ, ಆಮೇಲೆ ಮತ್ತೆ ಹರಾಜು.